ಹನ್ನೊಂದು ಹೆಜ್ಜೆಯ ಯುದ್ಧ

ನಮ್ಮೂರಿನಲ್ಲಿ ಯುದ್ಧಗಳಿಗೆ ರೇಡಿಯೋದವರು ಹೇಳುವ ಹೆಸರುಗಳಿರಲಿಲ್ಲ. ಆ ಹೆಸರುಗಳಿಗೆ ನಮ್ಮ ನಾಲಗೆ ಹೊರಳುತ್ತಲೂ ಇರಲಿಲ್ಲ. ಊರನ್ನು ಸೀಳಿಕೊಂಡು ಹೋಗುವ ಗೆರೆ ಎಷ್ಟು ಹೆಜ್ಜೆ ಸರಿಯಿತೋ ಅದೇ ಆ ಯುದ್ಧದ ಹೆಸರು. ಎರಡು ಸಮುದ್ರಗಳ ಆಚೆ ಹಡಗುಗಳು ಹಡಗುಗಳನ್ನು ಮುಳುಗಿಸಿದ್ದು ನಮಗೆ ನಾಲ್ಕು ಹೆಜ್ಜೆಯ ಯುದ್ಧ. ಯಾವುದೋ ದೊಡ್ಡ ನದಿಯ ಸೇತುವೆಗಾಗಿ ಹದಿನಾರು ದಿನ ಹೊಡೆದಾಡಿದ್ದು ಒಂದೂವರೆ ಹೆಜ್ಜೆಯ ಯುದ್ಧ. ಅದರಲ್ಲಿ ಸತ್ತವರೆಷ್ಟು ಎಂದು ಕಿವಿಗೆ ಬಿದ್ದ ಮೇಲೆ ನರಹರಿ ಮೇಷ್ಟ್ರು ವಾಚನಾಲಯದ ರೇಡಿಯೋ ಆರಿಸಿ ಮನೆಗೆ ಹೋಗಿದ್ದರು. ಮರಳುಗಾಡಿನಲ್ಲಿ ನಮ್ಮ ಕಡೆಯವರು ಗೆದ್ದದ್ದು ಇಪ್ಪತ್ತು ಹೆಜ್ಜೆಯ ಯುದ್ಧ. ನನ್ನ ಹೆಂಡತಿ ಕೆಂಚವ್ವ ಗೆರೆಯ ಆಚೆ ಹೋದದ್ದು ಆ ಇಪ್ಪತ್ತು ಹೆಜ್ಜೆಯಲ್ಲಿ.

ಊರಿನ ಪಡುವಣ ಭಾಗವೆಲ್ಲ ಗೆರೆಯ ಆಚೆ. ಅಲ್ಲಿಯೂ ಬಿಸಿಲು ಬೀಳುತ್ತದೆ, ಗಾಳಿ ಬೀಸುತ್ತದೆ, ಸೋರೆ ಬಳ್ಳಿ ಹಬ್ಬುತ್ತದೆ. ಸದ್ದು ಮಾತ್ರ ಇಲ್ಲ. ಬೆಂಕಿ ಹತ್ತುವುದಿಲ್ಲ. ಜೀವ ಇರುವ ಯಾವುದೂ ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಗೆರೆ ತಾನಾಗಿ ಹಿಂದಕ್ಕೆ ಸರಿದರೆ ಮಾತ್ರ ಬರಬಹುದು. ಬಳೆಗಾರ ಹುಚ್ಚಯ್ಯ ಮೊದಮೊದಲು ಇದನ್ನು ನಂಬದೆ, ಆಚೆಯ ಹೆಂಗಸೊಬ್ಬಳಿಗೆ ಬಳೆ ತೊಡಿಸುತ್ತೇನೆಂದು ಕೈ ಚಾಚಿದ. ಕೈ ಹಿಂದಕ್ಕೆ ಬರಲಿಲ್ಲ. ಮೂರು ದಿನ ಅಲ್ಲೇ ನಿಂತಿದ್ದು, ಕಾಲು ಬಾತುಕೊಂಡ ಮೇಲೆ, ಬಳೆಯ ಮಲಾರವನ್ನು ಹೆಗಲಿಗೇರಿಸಿ ತಾನೇ ಒಳಗೆ ನಡೆದುಹೋದ. ಆಚೆಯವರಿಗೆ ಈಚೆಯವರೇ ಬೇಯಿಸಿ ಹಾಕಬೇಕು. ಮೊರದಲ್ಲಿ ಊಟ ಇಟ್ಟು ಬಿದಿರು ಗಳುವಿನಿಂದ ತಳ್ಳುತ್ತಿದ್ದೆವು. ಗೆರೆ ದಾಟಿದ ಕೂಡಲೇ ಮುದ್ದೆಯ ಹಬೆ ನಿಂತುಬಿಡುತ್ತಿತ್ತು. ಒಂದು ಮದುವೆಯೂ ಹೀಗೇ ನಡೆಯಿತು. ಹೆಣ್ಣು ಆಚೆ, ಗಂಡು ಈಚೆ. ಗಳುವಿನ ತುದಿಗೆ ತಾಳಿ ಕಟ್ಟಿ ಆಚೆಗೆ ದಾಟಿಸಿದರು, ವಾಲಗ ಊದಿಸಿದರು, ಎಲ್ಲ ಆದಮೇಲೆ ಹುಡುಗ ಚಪ್ಪಲಿ ಬಿಟ್ಟು ತಾಯಿಯ ಕಾಲಿಗೆ ಬಿದ್ದು ಒಳಗೆ ಹೋದ. ಆ ತಾಯಿ ಇವತ್ತಿಗೂ ಇಬ್ಬರಿಗೂ ಬುತ್ತಿ ತಳ್ಳುತ್ತಾಳೆ.

ನಮ್ಮ ಕಡೆ ಯಾವುದು ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಕಚೇರಿಯ ಮೇಲಿನ ಬಾವುಟ ನೋಡಿ ತಿಳಿದುಕೊಂಡಿದ್ದೆವು. ನಮ್ಮ ಕಡೆ ಗೆದ್ದಾಗಲೆಲ್ಲ ಗೆರೆ ನಮ್ಮ ಮೇಲೆಯೇ ಸರಿದು ಬರುತ್ತಿತ್ತು. ಸೋತಾಗ ಹಿಂದಕ್ಕೆ ಹೋಗುತ್ತಿತ್ತು. ಹಾಗಾಗಿ ನಮ್ಮೂರಿನಷ್ಟು ವಿಚಿತ್ರವಾದ ರಾಜಭಕ್ತಿ ಲೋಕದಲ್ಲಿ ಇನ್ನೆಲ್ಲೂ ಇರಲಾರದು. ಗೆದ್ದ ಸುದ್ದಿ ಬಂದ ದಿನ ಅಮಲ್ದಾರರು ಕಚೇರಿಯ ಮುಂದೆ ಸಕ್ಕರೆ ಹಂಚಿಸುತ್ತಿದ್ದರು. ಜನ ಸಾಲಾಗಿ ನಿಂತು ಸಕ್ಕರೆ ಬಾಯಿಗೆ ಹಾಕಿಕೊಂಡು, ಎದ್ದೆವೋ ಬಿದ್ದೆವೋ ಎಂದು ಮೂಡಣಕ್ಕೆ ಓಡುತ್ತಿದ್ದರು. ಕೋಣಗಳೆರಡು ಗುದ್ದಾಡಿ ಗಿಡಕ್ಕೆ ಮೃತ್ಯು ಅನ್ನುತ್ತಾರಲ್ಲ, ಆ ಗಿಡಕ್ಕೆ ಸಕ್ಕರೆಯನ್ನೂ ತಿನ್ನಿಸುತ್ತಿದ್ದರು.

ನಾನು ಗಾಣದವನು, ಸಣ್ಣೀರಪ್ಪ. ಊರಿಗೆಲ್ಲ ನನ್ನದೊಂದೇ ಗಾಣ. ಮರಳಿನ ಯುದ್ಧ ಗೆದ್ದ ದಿನ ಕೆಂಚವ್ವ ಹಿತ್ತಲಿನಲ್ಲಿ ನುಗ್ಗೆ ಸೊಪ್ಪು ಕೊಯ್ಯುತ್ತಿದ್ದಳು. ಮೂರು ತಿಂಗಳ ಬಸುರಿ; ಸೊಪ್ಪಿನ ಸಾರು ಬೇಕೇಬೇಕು ಎಂದು ಬೆಳಗಿನಿಂದ ಹಟ ಮಾಡಿದ್ದಳು. ನೀನೇ ಕೊಯ್ದುಕೋ ಹೋಗು ಎಂದು ರೇಗಿದವನು ನಾನು. ಗೆರೆ ಇಪ್ಪತ್ತು ಹೆಜ್ಜೆ ಒಂದೇ ಉಸಿರಿಗೆ ಬಂತು. ನುಗ್ಗೆ ಮರ ದಾಟಿ, ಹಿತ್ತಲು ದಾಟಿ, ಗಾಣದ ಸುತ್ತಿನ ಕಾಲು ಭಾಗವನ್ನು ತಿಂದು ನಿಂತಿತು. ಎತ್ತು ಈಚೆಯ ಅಂಚಿನಲ್ಲಿತ್ತು, ಉಳಿಯಿತು. ಕೆಂಚವ್ವ ಮಡಿಲು ತುಂಬ ಸೊಪ್ಪು ಹಿಡಿದು ಓಡಿಬಂದು ನನ್ನೆದುರೇ ನಿಂತಳು. ಬಾಯಿ ಆಡುತ್ತಿತ್ತು. ಏನೂ ಕೇಳಿಸಲಿಲ್ಲ.

ಇಬ್ಬರಿಗೂ ಅಕ್ಷರ ಬಾರದು, ಬರೆದು ತೋರಿಸುವ ಮಾತಿಲ್ಲ. ಅವಳು ಹಿತ್ತಲಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು, ಹಗಲೆಲ್ಲ ಗೆರೆಯ ಅಂಚಿನಲ್ಲಿ ಕೂತು ನನ್ನನ್ನು ನೋಡುತ್ತಿದ್ದಳು. ನಾನೂ ಒಳಗೆ ಹೋಗಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹೋದರೆ ಬೇಯಿಸಿ ಹಾಕುವವರು ಯಾರು? ಎತ್ತಿಗೂ ಕಷ್ಟವಾಯಿತು. ಮುಕ್ಕಾಲು ಸುತ್ತು ಹೋಗುವುದು, ನೊಗ ಬಿಚ್ಚಿ ತಿರುಗಿಸಿ ಕಟ್ಟುವುದು, ಮತ್ತೆ ಮುಕ್ಕಾಲು ಸುತ್ತು ಬರುವುದು. ಗಾಣದೆತ್ತಿಗೆ ಲೋಕವೆಲ್ಲ ಒಂದು ಸುತ್ತು ಅನ್ನುತ್ತಾರೆ, ನನ್ನ ಎತ್ತಿಗೆ ಅದೂ ಪೂರ್ತಿ ಸಿಗಲಿಲ್ಲ. ಒಂದೇ ಒಂದು ಹೆಜ್ಜೆ ಗೆರೆ ಹಿಂದಕ್ಕೆ ಹೋದರೆ ಸಾಕಾಗಿತ್ತು, ಕೆಂಚವ್ವ ಎದ್ದು ಬರುತ್ತಿದ್ದಳು. ಅದಕ್ಕೆ ನಮ್ಮ ಕಡೆ ಎಲ್ಲಾದರೂ ಸೋಲಬೇಕಿತ್ತು.

ಪಕ್ಕದ ಮನೆ ಮುದ್ದವ್ವ ಊರಿನ ಸೂಲಗಿತ್ತಿ. ನಾನೂ ಕೆಂಚವ್ವನೂ ಹುಟ್ಟುವಾಗ ಹೆರಿಗೆ ಮಾಡಿಸಿದ ಕೈ ಅವಳದು. ನಾನು ಮಾಡಿದ ಮುದ್ದೆ ನಾಯಿಯೂ ಮೂಸುವಂತಿರಲಿಲ್ಲ ಎಂದು ನೋಡಿ, ಎರಡನೆಯ ದಿನದಿಂದ ತಾನೇ ಬಸುರಿಗೆ ಮುದ್ದೆ, ಸೊಪ್ಪು, ಒಂದು ಹಿಡಿ ಹುರಿದ ಎಳ್ಳು ತಂದು ಮೊರದಲ್ಲಿಟ್ಟು ತಳ್ಳತೊಡಗಿದಳು. ಒಂದು ದಿನ ಗಳು ಕೆಳಗಿಟ್ಟು ಕೆಂಚವ್ವನ ಹೊಟ್ಟೆಯನ್ನೇ ನೋಡುತ್ತ ನಿಂತಳು.

"ದಿನ ತುಂಬೋದ್ರೊಳಗೆ ಇವಳು ಈಚೆಗೆ ಬರ್ಬೇಕು ಕಣಪ್ಪ," ಎಂದಳು.

"ಬರ್ದಿದ್ರೆ, ದೊಡ್ಡವ್ವ?"

"ಕೂಸು ಅತ್ರೆ ಉಸ್ರು. ಅಳೋಕೆ ಅಲ್ಲಿ ದನಿ ಎಲ್ಲೈತೆ? ಆಚೆ ಹೆತ್ತ ತೋಟಗೇರ ಸೊಸೆ ಕೂಸು ನೋಡ್ದೆ. ಕುರುಬಗೇರೀದೂ ನೋಡ್ದೆ. ಈಚೆ ನಿಂತ್ಕಂಡು ಕೈ ತೋರ್ಸಿ ಹೇಳ್ಕೊಟ್ಟೆ, ಹಿಂಗೆ ಹಿಡಿ, ಹಿಂಗೆ ತಟ್ಟು ಅಂತ. ಎರಡೂ ಬಾಯಿ ತೆರೆದ್ವು, ಹಂಗೇ ನೀಲಿ ಆದ್ವು."

ಅವೆರಡು ಮಕ್ಕಳನ್ನು ಆಚೆಯ ಹುಣಸೆ ಮರದ ಬುಡದಲ್ಲಿ ಮಣ್ಣು ಮಾಡಿದ್ದನ್ನು ನಾನೂ ನೋಡಿದ್ದೆ. ಆ ದಿನದಿಂದ ನನಗೆ ಬೇರೆ ಯೋಚನೆ ಇಲ್ಲವಾಯಿತು. ಆರು ತಿಂಗಳು ಇತ್ತು. ಅಷ್ಟರೊಳಗೆ ಒಂದು ಸೋಲು ಬೇಕು.

ಸೋಲು ಬರಲಿಲ್ಲ. ಗೆಲುವೂ ಬರಲಿಲ್ಲ. ಉತ್ತರದ ಒಂದು ಹಿಮದ ಪಟ್ಟಣಕ್ಕೆ ವೈರಿಗಳು ಮುತ್ತಿಗೆ ಹಾಕಿದರು. ನಮ್ಮ ಕಡೆಯ ದಂಡು ಪಟ್ಟಣದ ಒಳಗೆ, ಅವರ ದಂಡು ಸುತ್ತಲೂ. ಲೋಕದ ಯುದ್ಧವೆಲ್ಲ ಬಂದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಒಂದೊಂದು ಮನೆಗೆ, ಒಂದೊಂದು ಮೆಟ್ಟಿಲಿಗೆ ಹೊಡೆದಾಡುತ್ತಿದ್ದಾರಂತೆ. ಕುದುರೆ ತಿಂದು, ಕುದುರೆ ಮುಗಿದ ಮೇಲೆ ಅದರ ಜೀನಿನ ತೊಗಲು ಬೇಯಿಸಿ ತಿಂದು ಬದುಕಿದ್ದಾರಂತೆ. ನಾನು ದಿನಾ ಗಾಣ ನಿಲ್ಲಿಸಿ ವಾಚನಾಲಯಕ್ಕೆ ಹೋಗಿ ಕೂರುತ್ತಿದ್ದೆ. ಗೆರೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇನ್ನೆಷ್ಟು ದಿನ ತಡೀತಾರೆ ಮೇಷ್ಟ್ರೇ?" ಎಂದು ಕೇಳಿದೆ.

ನರಹರಿ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ನಮ್ಮವರು ತಡೀಲಿ ಅಂತ ಕೇಳ್ತಾ ಇದ್ದೀಯೋ, ಸಾಯ್ಲಿ ಅಂತ ಕೇಳ್ತಾ ಇದ್ದೀಯೋ?"

ನಾನು ಹೊರಡಲು ಎದ್ದೆ.

"ಕೇಳು, ತಪ್ಪೇನಿಲ್ಲ. ಈ ಊರಲ್ಲಿ ಅರ್ಧ ಜನ ಅದನ್ನೇ ಕೇಳ್ತಾರೆ. ಆದ್ರೆ ಮುದ್ದವ್ವನ ಎದುರಿಗೆ ಕೇಳಬೇಡ. ಅವಳ ಮಗ ಅಲ್ಲಿದ್ದಾನೆ."

ಮುದ್ದವ್ವನಿಗೆ ಇದ್ದವನು ಒಬ್ಬನೇ ಮಗ, ಗವಿರಂಗ. ಎರಡು ವರ್ಷದ ಹಿಂದೆ ಕಚೇರಿಯವರು ಮನೆಗೊಬ್ಬ ಗಂಡಸನ್ನು ದಂಡಿಗೆ ಕರೆದಾಗ ಹೋಗಿದ್ದ. ನನ್ನದು ಗಾಣ, ದಂಡಿಗೂ ಎಣ್ಣೆ ಬೇಕು ಎಂದು ನನ್ನನ್ನು ಬಿಟ್ಟಿದ್ದರು. ಅವನು ಹಿಮದ ಪಟ್ಟಣದೊಳಗೆ ಇದ್ದಾನೆಂದು ದಂಡಿನ ಕಚೇರಿಯಿಂದ ಕಾಗದ ಬಂತು. ಮೇಷ್ಟ್ರೇ ಓದಿ ಹೇಳಿದರು. ನಮ್ಮೂರಿನಿಂದ ಅಲ್ಲಿದ್ದವನು ಅವನೊಬ್ಬನೇ.

ದಂಡಿಗೆ ಹೋದವರ ಮನೆಯವರು ಮುಸ್ಸಂಜೆಗೆ ಅರಳಿಕಟ್ಟೆಯ ಮೇಲೆ ದೀಪ ಹಚ್ಚುವುದು ನಮ್ಮಲ್ಲಿ ವಾಡಿಕೆ. ಬೆಳಗಿನ ತನಕ ಉರಿದರೆ ಅವನಿದ್ದಾನೆ ಎಂದು ಲೆಕ್ಕ, ಅವನ ದಂಡು ನಿಂತಿದೆ ಎಂದು ಲೆಕ್ಕ. ಮೇಷ್ಟ್ರು ಇದಕ್ಕೆ ನಗುತ್ತಿದ್ದರು. ನಾನೂ ಒಂದು ಕಾಲದಲ್ಲಿ ನಗುತ್ತಿದ್ದೆ, ಎಣ್ಣೆ ಖರ್ಚಾಗುತ್ತದಲ್ಲ ಎಂದು ಒಳಗೊಳಗೆ ಹಿಗ್ಗುತ್ತಿದ್ದೆ. ಆದರೆ ಮುದ್ದವ್ವನ ದೀಪ ಒಂದು ರಾತ್ರಿಯೂ ಆರಲಿಲ್ಲ, ಆ ಪಟ್ಟಣವೂ ಬೀಳಲಿಲ್ಲ. ಐದನೆಯ ತಿಂಗಳು ಬಂತು. ಕೆಂಚವ್ವನ ಹೊಟ್ಟೆ ಸೀರೆಯ ಮೇಲೆ ಕಾಣತೊಡಗಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ಆ ಹುಲ್ಲುಕಡ್ಡಿ ಇನ್ನೊಬ್ಬರ ಕೈಯಲ್ಲಿದ್ದರೆ ಕಿತ್ತುಕೊಳ್ಳುತ್ತಾನೆ ಎಂದು ಯಾವ ಗಾದೆಯೂ ಹೇಳುವುದಿಲ್ಲ.

ಮುದ್ದವ್ವ ಹೊತ್ತಿಳಿಯುವ ವೇಳೆಗೆ ಬಂದು, ಅವಳಿಗೆಂದು ನಾನು ತುಂಬಿಸಿಟ್ಟ ಮಣ್ಣಿನ ಕುಡಿಕೆ ಒಯ್ಯುತ್ತಿದ್ದಳು. ಅವಳ ಊಟದ ಋಣಕ್ಕೆ ಅಷ್ಟಾದರೂ ಆಗಲಿ ಎಂದು ನಾನೇ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಆ ಕುಡಿಕೆಯ ತಳಕ್ಕೆ ಒಂದು ಬೆರಳು ನೀರು ಹಾಕಿ, ಮೇಲೆ ಎಣ್ಣೆ ಹುಯ್ದೆ. ನಮ್ಮಪ್ಪ ಸಾಯುವಾಗ ನನ್ನ ಕೈಯನ್ನು ಗಾಣದ ಮೇಲೆ ಇರಿಸಿ, ಎಣ್ಣೆಗೆ ಏನನ್ನೂ ಬೆರೆಸುವುದಿಲ್ಲ ಎಂದು ಆಣೆ ಮಾಡಿಸಿದ್ದ. ಅದೇ ಕೈ ಒಂದು ಹನಿಯನ್ನೂ ಹೊರಗೆ ಚೆಲ್ಲಲಿಲ್ಲ. ಅದೇ ನನಗೆ ಈಗಲೂ ನಾಚಿಕೆ ತರುವುದು.

ತಲೆಯೆತ್ತಿ ನೋಡಿದರೆ ಕೆಂಚವ್ವ ಗೆರೆಯ ಅಂಚಿನಲ್ಲಿ ನಿಂತಿದ್ದಳು. ನಾನು ಮಾಡಿದ್ದೆಲ್ಲ ಕಂಡಿದ್ದಳು. ಕುಡಿಕೆಯ ಕಡೆ ಬೆರಳು ತೋರಿಸಿದಳು, ಆಮೇಲೆ ಎರಡೂ ಕೈ ಎತ್ತಿ ನನಗೆ ಮುಗಿದಳು. ಬಿಡಿಸಿಕೋ, ಏನಾದರೂ ಮಾಡಿ ನನ್ನನ್ನೂ ಕೂಸನ್ನೂ ಬಿಡಿಸಿಕೋ ಎಂದು ಕಟ್ಟಿಕೊಂಡ ಹೆಂಡತಿ ಕೈ ಮುಗಿದು ಕೇಳುತ್ತಿದ್ದಾಳೆ. ಮಾರನೆಯ ದಿನ ಎರಡು ಬೆರಳು ನೀರು ಹಾಕಿದೆ. ಅವಳು ಮೊಣಕಾಲೂರಿ ಕೈ ಮುಗಿದಳು. ಆ ತಿಂಗಳ ಕೊನೆಗೆ ಕುಡಿಕೆಯ ಅರ್ಧಕ್ಕೆ ನೀರೇ ಇರುತ್ತಿತ್ತು. ಅವಳು ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದಳು, ನಾನು ಈಚೆಯಿಂದ ಕೈ ಎತ್ತಿ ಆಗಲಿ, ಆಗಲಿ ಎಂದು ಸಮಾಧಾನ ಹೇಳುತ್ತಿದ್ದೆ.

ನಾಲ್ಕು ತಿಂಗಳು ಹೀಗೆ ಕಳೆಯಿತು. ಮುದ್ದವ್ವ ದಿನಾ ಮುದ್ದೆ ತಂದಳು, ದಿನಾ ಕುಡಿಕೆ ಒಯ್ದಳು. ಅವಳ ದೀಪ ಈಗ ಊರು ಮಲಗುವ ಹೊತ್ತಿಗೇ ಆರಿರುತ್ತದೆ ಎಂದು ಕಟ್ಟೆಯ ಹತ್ತಿರದವರು ಹೇಳುತ್ತಿದ್ದರು. ಅವಳು ಮಾತ್ರ ನನ್ನ ಬಳಿ ಆ ಮಾತೆತ್ತಲಿಲ್ಲ. ಕೆಂಚವ್ವನ ಹೊಟ್ಟೆ ಕೆಳಗಿಳಿದಿದೆ, ಇನ್ನು ವಾರವೋ ಹತ್ತು ದಿನವೋ ಎಂದು ಮಾತ್ರ ಹೇಳಿದಳು.

ಆ ವಾರದಲ್ಲಿಯೇ ಪಟ್ಟಣ ಬಿತ್ತು. ಗೆರೆ ಮಧ್ಯಾಹ್ನ ಅಲುಗಿತು. ನಾನು ಎತ್ತನ್ನು ತಿರುಗಿಸಿ ಕಟ್ಟುತ್ತಿದ್ದೆ. ನೋಡನೋಡುತ್ತಿದ್ದಂತೆ ಕೊಟ್ಟಿಗೆಯ ಹುಲ್ಲು ಸರಸರ ಅಂದಿತು, ನುಗ್ಗೆ ಮರದಲ್ಲಿ ಕಾಗೆ ಕೂಗಿತು, ಆರು ತಿಂಗಳಿಂದ ಮೂಕವಾಗಿದ್ದ ಹಿತ್ತಲು ಮಾತಾಡತೊಡಗಿತು. ಹನ್ನೊಂದು ಹೆಜ್ಜೆ. ಯುದ್ಧದ ದಿಕ್ಕೇ ತಿರುಗಿತು, ಮುಂದೆ ಪುಸ್ತಕಗಳಲ್ಲಿ ಈ ದಿನವನ್ನೇ ಬರೆಯುತ್ತಾರೆ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಬರೆದುಕೊಳ್ಳಲಿ. ನಾನು ಕಂಡದ್ದು ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಡೆದು ಬಂದದ್ದನ್ನು. ಆಚೆಯಿಂದ ಬಂದವರಿಗೆಲ್ಲ ಒಂದು ಗಳಿಗೆಯೊಳಗೆ ದನಿ ಮರಳುತ್ತದೆ ಎಂದು ಗೊತ್ತಿತ್ತು. ಅವಳ ದನಿ ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು. ಮೊದಲು ಏನು ಅನ್ನುತ್ತಾಳೋ ಎಂದು ಕೈ ಚಾಚಿ ನಿಂತೆ.

ಅವಳು ನನ್ನನ್ನು ದಾಟಿಕೊಂಡು ಗಾಣದ ಹತ್ತಿರ ಹೋದಳು. ಅಂದಿಗೆಂದು ತುಂಬಿಸಿಟ್ಟ ಕುಡಿಕೆ ತೆಗೆದು ನೆಲಕ್ಕೆ ಬಗ್ಗಿಸಿದಳು. ಮೊದಲು ಎಣ್ಣೆ ಬಂತು, ಆಮೇಲೆ ನೀರು.

"ಇದನ್ನ ಮಾಡ್ಬ್ಯಾಡ ಅಂತ ದಿನಾ ಕೈ ಮುಗುದ್ನಲ್ಲ," ಎಂದಳು. ದನಿ ಗೊಗ್ಗರಾಗಿತ್ತು. "ನಿಂಗೆ ಕಣ್ಣಿರ್ಲಿಲ್ವಾ?"

"ಬಿಡಿಸ್ಕೋ ಅಂತ ಕೇಳ್ತಿದ್ದೀಯ ಅಂದ್ಕಂಡೆ ಕೆಂಚಿ."

"ಕುಡಿಕೆ ಕಡೆ ಬೆರಳು ಮಾಡಿ ತೋರಿಸ್ತಿದ್ದೆ."

"ಇನ್ನೂ ಹಾಕು ಅಂತ ತಿಳ್ಕಂಡೆ."

ಅವಳು ಎಣ್ಣೆ ಚೆಲ್ಲಿದ ನೆಲದ ಮೇಲೆಯೇ ಕುಸಿದು ಕೂತಳು. "ಅವಳು ಬೇಯ್ಸಿದ್ದನ್ನ ತಿಂದು ಉಳ್ದೋಳು ನಾನು. ನನ್ ಹೊಟ್ಟೇಲಿರೋದೂ ಅದನ್ನೇ ತಿಂದು ಬೆಳೆದೈತೆ," ಎಂದಳು.

ಮೂರನೆಯ ದಿನ ಬೆಳಗ್ಗೆ ನೋವು ಶುರುವಾಯಿತು. ಅಷ್ಟರಲ್ಲಿ ರೇಡಿಯೋ ಹೇಳಿತ್ತು, ಪಟ್ಟಣದೊಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ ಎಂದು. ಮೇಷ್ಟ್ರು ಅದನ್ನು ಮುದ್ದವ್ವನಿಗೆ ಹೇಳಿ ಬಂದಿದ್ದರು. ಊರಿಗೆ ಇನ್ನೊಬ್ಬ ಸೂಲಗಿತ್ತಿ ಇರಲಿಲ್ಲ. ನಮ್ಮಿಬ್ಬರ ಮನೆಯ ನಡುವೆ ಇರುವುದು ಒಂದು ಗೋಡೆ. ಒಳಗಿನಿಂದ ಕೆಂಚವ್ವ ಎರಡನೆಯ ಸಲ ಚೀರಿದ ಮೇಲೆಯೇ ಆ ಬಾಗಿಲಿಗೆ ಹೋದೆ.

ಮುದ್ದವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಅತ್ತ ಗುರುತಿಲ್ಲ. ನ್ಯಾಲೆಯ ಹಗ್ಗದ ಮೇಲೆ ಗವಿರಂಗನ ಹಳೆಯ ಅಂಗಿ ಒಗೆದು ಹಾಕಿತ್ತು.

"ದೊಡ್ಡವ್ವ, ನಿನ್ ದೀಪದ ಎಣ್ಣೆಗೆ ನಾನು..." ಎಂದೆ.

"ಗೊತ್ತು ಕಣಪ್ಪ," ಎಂದಳು, ಮೊರದಿಂದ ಕಣ್ಣೆತ್ತದೆ. "ಮೊದಲ್ನೇ ಸಂಜೇನೇ ಬತ್ತಿ ಚಟಗುಟ್ಟಿತು. ಐವತ್ತು ವರ್ಸ ದೀಪ ಹಚ್ಚಿದೋಳಿಗೆ ಅಷ್ಟೂ ತಿಳೀದಾ?"

"ಮತ್ಯಾಕೆ ತಗಂಡೋಗ್ತಿದ್ದೆ? ಮತ್ಯಾಕೆ ಅವಳಿಗೆ ಮುದ್ದೆ ತರ್ತಿದ್ದೆ?"

"ಊರಾಗೆ ಇನ್ನೊಂದು ಗಾಣ ಎಲ್ಲೈತೆ? ನೀರು ತಳಕ್ಕೆ ನಿಲ್ಲೋಗಂಟ ಕಾದು, ಮೇಲಿನ ಎಣ್ಣೆ ಬಸ್ಕಂಡು ಹಚ್ತಿದ್ದೆ. ಎಷ್ಟೊತ್ತು ಉರೀತದೋ ಅಷ್ಟೊತ್ತಾದ್ರೂ ನನ್ ಮಗ ಇರ್ಲಿ ಅಂತ." ಮೊರ ಪಕ್ಕಕ್ಕಿಟ್ಟಳು. "ಮುದ್ದೆ ನಿಂಗೆ ತರ್ಲಿಲ್ಲ, ಬಸುರಿಗೆ ತಂದೆ. ಏಳು. ನೋವು ಎಷ್ಟೊತ್ತಿಗೆ ಸುರುವಾಯ್ತು?"

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆಳೆದುಕೊಂಡು, ಬಿಸಿನೀರಿಗೆ ಒಲೆ ಹಚ್ಚು ಹೋಗು ಎಂದು ಗದರಿದಳು.

ಬಾಗಿಲು ಹಾಕಿಕೊಂಡರು. ನಾನು ಹೊರಗೆ ಒಲೆಯ ಮುಂದೆ ಕೂತಿದ್ದೆ. ಕೆಂಚವ್ವನ ಚೀರಾಟ, ಮುದ್ದವ್ವ ತಡಿ, ಈಗ ಮುಕ್ಕು ಎಂದು ಹೇಳುವುದು, ಬಳೆ ಒಡೆದ ಸದ್ದು, ಎಲ್ಲ ಕೇಳುತ್ತಿತ್ತು. ಬಿಸಿಲು ಹಿತ್ತಲಿಗೆ ಇಳಿಯುವ ಹೊತ್ತಿಗೆ ಎಲ್ಲ ನಿಂತಿತು. ಇನ್ನೇನು ಅಳುತ್ತದೆ ಎಂದು ಎದ್ದು ನಿಂತೆ. ಮುದ್ದವ್ವ ತಟ್ಟುವುದು ಕೇಳಿಸಿತು. ಮತ್ತೆ ತಟ್ಟಿದಳು. ಊದಿದಳು. ಬಿಸಿನೀರು ಉಕ್ಕಿ ಒಲೆಗೆ ಚೆಲ್ಲುತ್ತಿತ್ತು. ತಡೆಯಲಾರದೆ ಬಾಗಿಲು ತಳ್ಳಿದೆ.

ಕೂಸು ಸತ್ತಿರಲಿಲ್ಲ. ಮುದ್ದವ್ವನ ಅಂಗೈಗಳ ಮೇಲೆ ಕೈಕಾಲು ಬಡಿಯುತ್ತಿತ್ತು. ಗಂಡು ಮಗು, ಮೈಯೆಲ್ಲ ಕೆಂಪಗೆ, ಎದೆ ಏರಿ ಇಳಿಯುತ್ತಿತ್ತು. ಬಾಯಿ ಅಗಲಿಸಿ, ಹಣೆ ಸುಕ್ಕು ಮಾಡಿ, ಮುಷ್ಟಿ ಬಿಗಿದು ಅಳುತ್ತಿತ್ತು. ಅದರ ಬಾಯಿಂದ ಒಂದಿಷ್ಟೂ ದನಿ ಹೊರಡುತ್ತಿರಲಿಲ್ಲ.

"ಉಸ್ರೈತೆ. ಅಳ್ತಾನೂ ಐತೆ," ಎಂದಳು ಮುದ್ದವ್ವ. "ದನಿ ಬರ್ನಿಲ್ಲ."

"ಗಳಿಗೆ ತಡಿ, ಬರ್ತದೆ," ಎಂದೆ. "ಎಲ್ರಿಗೂ ಬಂತಲ್ಲ."

"ಅವರಿಗೆಲ್ಲ ಮೊದ್ಲು ಇತ್ತು, ಬಂತು. ಇದು ಅಲ್ಲೇ ಬೆಳೆದಿದ್ದು."

ಕೆಂಚವ್ವ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಯಾವುದಕ್ಕಾಗಿ ನಾನು ಅದನ್ನೆಲ್ಲ ಮಾಡಿದೆನೋ ಅದು ನನ್ನೆದುರು ಬಾಯಿ ತೆರೆದುಕೊಂಡು ಇತ್ತು. ಮುದ್ದವ್ವ ಹೊಕ್ಕುಳಬಳ್ಳಿ ಕತ್ತರಿಸಿದಳು, ಮೈ ಒರೆಸಿದಳು, ಬಟ್ಟೆ ಸುತ್ತಿದಳು. ಕೆಲಸವೆಲ್ಲ ಮುಗಿದ ಮೇಲೆಯೂ ಕೂಸನ್ನು ಕೆಳಗಿಡಲಿಲ್ಲ, ಆ ಬಾಯನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನು ಎದೆಗವಚಿಕೊಂಡು ಕುಕ್ಕರಿಸಿ, ಮಗನ ಹೆಸರು ಹಿಡಿದು ಅಳತೊಡಗಿದಳು. ಮನೆಯ ಹೆಂಚು ಹಾರಿಹೋಗುವಂತೆ ಅತ್ತಳು. ಅಷ್ಟು ದೊಡ್ಡ ದನಿ ಅವಳಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಓಣಿಯ ಹೆಂಗಸರು ಆ ಅಳು ಕೇಳಿ, ಕೂಸು ಹೋಯಿತೆಂದು ತಿಳಿದು, ಸೆರಗು ಬಾಯಿಗೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಕೂಸು ಬದುಕೈತೆ," ಎಂದೆ.

"ಮತ್ತೆ ಹೋದೋರು ಯಾರು?" ಎಂದು ಕೇಳಿದರು.

"ಗವಿರಂಗ," ಎಂದೆ. ಹೇಗೆ ಎಂದು ಯಾರೂ ಕೇಳಲಿಲ್ಲ. ಯುದ್ಧದಲ್ಲಿ ಎಂದುಕೊಂಡರು.